ಕೊಕ್ಕೆಯಲ್ಲಿ ನೇತಾಡುವ ಮಾಲು ಯಾರದು?

ಒಂದು ಫೈರ್ ಇಂಜಿನ್ ಕಥೆ ಹೇಳ್ತೀನಿ, ಕೇಳಿ.

1951ನೇ ಇಸವಿ. ಲಂಡನ್ ಬಂದರು. ನಮ್ಮ ಭಾರತ ಸರ್ಕಾರ ಪೈರೀನ್ ಅನ್ನೋ ಇಂಗ್ಲಿಷ್ ಕಂಪನಿಯಿಂದ ಒಂದಷ್ಟು ಫೈರ್ ಇಂಜಿನ್ ಕೊಂಡಿತ್ತು. ಅವು ಬಾಂಬೆಗೆ ಬರಬೇಕು. ಹಡಗು ಗೊತ್ತು ಮಾಡಿದ್ದು ಭಾರತ ಸರ್ಕಾರವೇ. ಆ ಹಡಗು ಸಿಂಧಿಯಾ ಸ್ಟೀಮ್ ನ್ಯಾವಿಗೇಶನ್ ಕಂಪನಿಯದು, ಅಪ್ಪಟ ಭಾರತೀಯರ ಕಂಪನಿ. ಮಾರಿದವರು ಗಾಡಿಗಳನ್ನು ತಂದು ಬಂದರಿನಲ್ಲಿ ಒಪ್ಪಿಸಿದರು. ಹಡಗಿನದೇ ಕ್ರೇನು ಅವನ್ನು ಎತ್ತಿ ಒಳಗಿಡಬೇಕು. ಒಂದು ಗಾಡಿ ಮೇಲೆ ಹೋಯಿತು. ಇನ್ನೇನು ಹಡಗಿನ ಅಂಚಿನ ಕಂಬಿ ದಾಟಬೇಕು. ದಾಟಲಿಲ್ಲ. ಕೆಳಗೆ ಬಿತ್ತು.

ರಿಪೇರಿ ಖರ್ಚು 966 ಪೌಂಡ್. ಈಗ ಹೇಳಿ, ಈ ನಷ್ಟ ಯಾರದು? ಕೊಂಡ ಭಾರತ ಸರ್ಕಾರದ್ದಾ? ಮಾರಿದ ಕಂಪನಿಯದಾ? ಬೀಳಿಸಿದ ಹಡಗಿನವರದ್ದಾ?

ನೀವು, ನಾನು, ಯಾರೇ ಆದರೂ ಒಂದೇ ಮಾತು ಹೇಳ್ತೀವಿ. ಬೀಳಿಸಿದವನು ಕೊಡಬೇಕು ಸ್ವಾಮಿ, ಇದರಲ್ಲಿ ಯೋಚನೆ ಮಾಡೋದೇನಿದೆ! ಆದರೆ ವ್ಯಾಪಾರದ ಕಾಗದ ಹಾಗೆ ಹೇಳಲಿಲ್ಲ. ಆ ಕಾಗದದಲ್ಲಿ ಮೂರು ಅಕ್ಷರ ಇತ್ತು. ಎಫ್‌ಓಬಿ. ಫ್ರೀ ಆನ್ ಬೋರ್ಡ್. ಅಂದರೆ ಮಾಲನ್ನು ಹಡಗಿಗೆ ಹತ್ತಿಸುವ ತನಕ ಖರ್ಚೂ ಮಾರಿದವನದು, ರಿಸ್ಕೂ ಮಾರಿದವನದು. ಹತ್ತಿಸಿದ ಮೇಲೆ ಕೊಂಡವನದು. ಹತ್ತಿಸಿದ್ದು ಅಂತ ಯಾವಾಗ ಹೇಳೋದು? ಆಗಿನ ಲೆಕ್ಕದಲ್ಲಿ, ಮಾಲು ಹಡಗಿನ ಕಂಬಿಯ ಮೇಲಿಂದ ಹಾದು ಆಚೆ ಹೋದ ಕ್ಷಣ. ನಮ್ಮ ಗಾಡಿ ಬಿದ್ದಿದ್ದು ಈಚೆ. ಹಾಗಾಗಿ ಬಿದ್ದ ಗಾಡಿ ಇನ್ನೂ ಪೈರೀನ್‌ನವರದೇ. ಭಾರತ ಸರ್ಕಾರ ಬಚಾವ್.

ಪೈರೀನ್‌ನವರು ಹಡಗಿನವರ ಮೇಲೆ ಕೇಸು ಹಾಕಿದರು. ಹಡಗಿನವರು ಏನಂದರು ಗೊತ್ತಾ? ಹೌದು, ತಪ್ಪು ನಮ್ಮದೇ, ಒಪ್ಪಿಕೊಳ್ತೀವಿ. ಆದರೆ ಅಂತಾರಾಷ್ಟ್ರೀಯ ಸಾಗಣೆ ನಿಯಮದ ಪ್ರಕಾರ ಒಂದು ನಗಕ್ಕೆ ನಾವು ಕೊಡಬೇಕಾದ್ದು ಹೆಚ್ಚೆಂದರೆ 200 ಪೌಂಡ್, ತಗೊಳ್ಳಿ. ಪೈರೀನ್‌ನವರಿಗೆ ಸಿಟ್ಟು ಬಂತು. ಆ ಸಾಗಣೆ ಕರಾರು ನಿಮಗೂ ಭಾರತ ಸರ್ಕಾರಕ್ಕೂ ಆಗಿರೋದು, ಅದರ ಮಿತಿ ನಮಗ್ಯಾಕೆ ಅಂತ ವಾದಿಸಿದರು. 1954ರಲ್ಲಿ ನ್ಯಾಯಮೂರ್ತಿ ಡೆವ್ಲಿನ್ ತೀರ್ಪು ಕೊಟ್ಟರು. ಆ ಕರಾರಿನ ನೆರಳಿನಲ್ಲಿ ನಿಮ್ಮ ಮಾಲು ಹಡಗು ಹತ್ತುತ್ತಿತ್ತು, ಹಾಗಾಗಿ ಅದರ ಮಿತಿ ನಿಮಗೂ ಅನ್ವಯ ಅಂದರು. ಸಿಕ್ಕಿದ್ದು 200 ಪೌಂಡ್. ಉಳಿದ 766 ಪೌಂಡ್ ಮಾರಿದವನ ತಲೆಗೆ.

ಅದೇ ತೀರ್ಪಿನಲ್ಲಿ ಆ ನ್ಯಾಯಮೂರ್ತಿ ಈ ಕಂಬಿ ಲೆಕ್ಕವನ್ನೇ ಗೇಲಿ ಮಾಡಿದರು. ಕ್ರೇನಿನ ತುದಿಯಲ್ಲಿ ಮಾಲು ಆ ಕಡೆ ಈ ಕಡೆ ತೂಗಾಡುತ್ತಿದ್ದರೆ, ಕಣ್ಣಿಗೆ ಕಾಣದ ಒಂದು ಗೆರೆಯ ಮೇಲೆ ಹೊಣೆಯೂ ಆ ಕಡೆ ಈ ಕಡೆ ಓಡಾಡುತ್ತದೆ. ಅದನ್ನು ನೋಡಿ ಖುಷಿಪಡುವವನು ವಕೀಲನೊಬ್ಬನೇ ಇರಬೇಕು ಅನ್ನುವ ಅರ್ಥದ ಮಾತು. ವಕೀಲಿಕೆ ಓದುವ ಹುಡುಗರು ಇವತ್ತಿಗೂ ಈ ಕೇಸು ಓದುತ್ತಾರೆ.

ನಾವ್ಯಾಕೆ ಓದಬೇಕು? ಯಾಕಂದರೆ ನಾವೂ ಮಾರುವವರೇ, ಕೊಳ್ಳುವವರೇ. ಕಾಫಿ ಮಾರ್ತೀವಿ, ಗೋಡಂಬಿ ಮಾರ್ತೀವಿ, ರೇಷ್ಮೆ, ಗ್ರಾನೈಟ್, ಮಷೀನ್ ಬಿಡಿಭಾಗ ಎಲ್ಲ ಮಾರ್ತೀವಿ. ಮೊಬೈಲಿನಲ್ಲಿ ಒತ್ತಿ ಮನೆಗೆ ಸಾಮಾನು ತರಿಸ್ತೀವಿ. ಎಲ್ಲರೂ ಜಗಳ ಆಡೋದು ರೇಟಿಗೆ. ಎರಡು ರೂಪಾಯಿ ಕಮ್ಮಿ ಮಾಡಿ ಅಂತ ಅರ್ಧ ಗಂಟೆ ಚೌಕಾಸಿ. ಆದರೆ ಮಾಲು ದಾರಿಯಲ್ಲಿದ್ದಾಗ ಅದು ಯಾರದು ಅಂತ ಕೇಳುವವರು ಎಷ್ಟು ಜನ? ನಷ್ಟ ಆಗೋದು ಅಂಗಡಿಯಲ್ಲಿ ಅಲ್ಲ, ಮನೆಯಲ್ಲೂ ಅಲ್ಲ. ದಾರಿಯಲ್ಲಿ.

ದಾರಿಯಲ್ಲಿ ಮಾಲಿನ ಜೊತೆ ಮೂರು ವಿಷಯ ಪ್ರಯಾಣ ಮಾಡುತ್ತವೆ. ಒಂದು, ಸಾಗಣೆ ಖರ್ಚು. ಎರಡು, ರಿಸ್ಕ್. ಮೂರು, ಒಡೆತನ. ಈ ಮೂರೂ ಒಂದೇ ಜಾಗದಲ್ಲಿ ಕೈ ಬದಲಾಯಿಸುತ್ತವೆ ಅಂತ ನಾವು ಅಂದುಕೊಂಡಿರ್ತೀವಿ. ಹಾಗೇನೂ ಇಲ್ಲ. ಮೂರಕ್ಕೂ ಮೂರು ಬೇರೆ ಬೇರೆ ಗೆರೆ ಇರಬಹುದು. ಆ ಗೆರೆ ಎಲ್ಲಿ ಎಳೆಯಬೇಕು ಅನ್ನೋದೇ ಸಾವಿರಾರು ವರ್ಷದ ಜಗಳ.

ಈ ಪ್ರಶ್ನೆಯನ್ನು ಇಂಗ್ಲಿಷರು ಕಂಡುಹಿಡಿದರು ಅಂತ ಅಂದುಕೊಳ್ಳಬೇಡಿ. ನಮ್ಮದೇ ಬೀದರ್ ಜಿಲ್ಲೆಯ ಬಸವಕಲ್ಯಾಣಕ್ಕೆ ಬನ್ನಿ. ಸುಮಾರು ಒಂಬೈನೂರು ವರ್ಷದ ಹಿಂದೆ ಅದು ಚಾಲುಕ್ಯರ ರಾಜಧಾನಿ ಕಲ್ಯಾಣ. 1076ರಿಂದ 1126ರವರೆಗೆ ಆರನೇ ವಿಕ್ರಮಾದಿತ್ಯನ ಆಳ್ವಿಕೆ. ಆತನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ವ್ಯಾಖ್ಯಾನ ಬರೆದ. ಅದೇ ಮಿತಾಕ್ಷರ. ಈ ಹೆಸರನ್ನು ಆಸ್ತಿ ಪಾಲಿನ ದಾವೆ ಹೂಡಿದ ಎಲ್ಲ ಕುಟುಂಬಗಳೂ ಕೇಳಿರುತ್ತವೆ. ಅಪ್ಪನ ಆಸ್ತಿ, ಅಜ್ಜನ ಆಸ್ತಿ, ಹುಟ್ಟಿನಿಂದಲೇ ಮಗನ ಹಕ್ಕು, ಇದೆಲ್ಲ ಮಿತಾಕ್ಷರ. ಆದರೆ ಅದೇ ಗ್ರಂಥದಲ್ಲಿ ಇನ್ನೊಂದು ಪ್ರಕರಣ ಇದೆ. ವಿಕ್ರೀಯಾಸಂಪ್ರದಾನ. ಹೆದರಬೇಡಿ, ಅರ್ಥ ಸರಳ. ಮಾರಿ, ಕೊಡದೇ ಇರೋದು.

ಅಲ್ಲಿರೋ ನಿಯಮ ನೋಡಿ. ದುಡ್ಡು ತಗೊಂಡು ಮಾಲು ಕೊಡದವನು, ಮಾಲಿನ ಜೊತೆ ಅದರ ಲಾಭವನ್ನೂ ಸೇರಿಸಿ ಕೊಡಬೇಕು. ಕೊಂಡವನು ದೂರದ ದೇಶದಿಂದ ಬಂದ ವ್ಯಾಪಾರಿ ಆಗಿದ್ದರೆ, ಆ ಮಾಲನ್ನು ತನ್ನ ದೇಶಕ್ಕೆ ಒಯ್ದು ಮಾರಿದ್ದರೆ ಅವನಿಗೆ ಎಷ್ಟು ಲಾಭ ಸಿಗುತ್ತಿತ್ತೋ ಅದನ್ನು ಕಟ್ಟಿಕೊಡಬೇಕು. ಕೊಂಡವನು ಕೇಳಿದರೂ ಕೊಡದೆ ಇಟ್ಟುಕೊಂಡು, ಅಷ್ಟರಲ್ಲಿ ರಾಜನಿಂದಲೋ ದೈವದಿಂದಲೋ ಮಾಲು ಹಾಳಾದರೆ, ನಷ್ಟ ಮಾರಿದವನದೇ. ಇದರ ಇನ್ನೊಂದು ಮುಖವೂ ಇದೆ. ಮಾರಿದವನು ಕೊಡೋಕೆ ಸಿದ್ಧ, ಕೊಂಡವನೇ ಬಂದು ತಗೊಳ್ಳಲಿಲ್ಲ. ಅವನ ತಪ್ಪಿನಿಂದ ಮಾಲು ಕೆಟ್ಟರೆ ನಷ್ಟ ಕೊಂಡವನದು.

ಅಂದರೆ ಗೆರೆ ಎಳೆದದ್ದು ತಪ್ಪಿನ ಮೇಲೆ. ಯಾರು ತಡ ಮಾಡಿದರೋ ಅವರ ಹೊಣೆ. ಎಷ್ಟು ಚೆನ್ನಾಗಿದೆ ಅಲ್ವಾ?

ಕೌಟಿಲ್ಯನ ಅರ್ಥಶಾಸ್ತ್ರದಲ್ಲೂ ಇದೇ ಧಾಟಿ. ಮಾರಿದ ಮಾಲು ಕೊಡದಿದ್ದರೆ 12 ಪಣ ದಂಡ. ಆದರೆ ಮಾಲಿನಲ್ಲೇ ದೋಷ ಇದ್ದರೆ, ಆಪತ್ತು ಬಂದೆರಗಿದ್ದರೆ ವಿನಾಯಿತಿ. ಕೊಟ್ಟ ಮಾತು ವಾಪಸ್ ತಗೊಳ್ಳೋಕೂ ಗಡುವು ಇತ್ತು. ವ್ಯಾಪಾರಿಗೆ ಒಂದು ರಾತ್ರಿ, ರೈತನಿಗೆ ಮೂರು ರಾತ್ರಿ, ದನಗಾಹಿಗೆ ಐದು ರಾತ್ರಿ. ವ್ಯಾಪಾರಿಗೆ ಮಾರ್ಕೆಟ್ ಗೊತ್ತಿರುತ್ತೆ, ಅವನಿಗೆ ಒಂದು ರಾತ್ರಿ ಸಾಕು. ರೈತನಿಗೆ ಗೊತ್ತಿರಲ್ಲ, ಮನೆಗೆ ಹೋಗಿ ಯೋಚನೆ ಮಾಡಲಿ ಅನ್ನುವ ಲೆಕ್ಕ ಇರಬೇಕು ಅಂತ ನನಗನ್ನಿಸುತ್ತದೆ. ಇವತ್ತು ನಾವು ರಿಟರ್ನ್ ಪಾಲಿಸಿ ಅಂತೀವಲ್ಲ, ಅದರ ಮುತ್ತಜ್ಜ ಇದು.

ಹಾಗಾದರೆ ಈ ನಿಯಮಗಳೆಲ್ಲ ಎಲ್ಲಿ ಹೋದವು? ಇಲ್ಲಿದೆ ಇತಿಹಾಸದ ತಮಾಷೆ. 1810ರಲ್ಲಿ ಕೋಲ್‌ಬ್ರೂಕ್ ಅನ್ನುವ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಮಿತಾಕ್ಷರವನ್ನು ಇಂಗ್ಲಿಷಿಗೆ ತಂದ. ಪೂರ್ತಿ ಅಲ್ಲ. ಆಸ್ತಿ ಹಂಚಿಕೆಯ ಭಾಗ ಮಾತ್ರ. ಕೋರ್ಟುಗಳಿಗೆ ಬೇಕಾಗಿದ್ದು ಅದೇ. ಮಾರಾಟದ ಕಾನೂನು? ಅದು ಇಂಗ್ಲೆಂಡಿನ ಅಚ್ಚಿನಲ್ಲಿ ಬಂತು. 1872ರ ಕಾಂಟ್ರಾಕ್ಟ್ ಕಾಯ್ದೆಯಲ್ಲಿ ಮಾರಾಟಕ್ಕೆ ಒಂದು ಅಧ್ಯಾಯ ಇಟ್ಟರು. ಆಮೇಲೆ ಇಂಗ್ಲೆಂಡಿನ 1893ರ ಕಾಯ್ದೆಯನ್ನೇ ಬಹುಮಟ್ಟಿಗೆ ಅನುಸರಿಸಿ ಸರಕು ಮಾರಾಟ ಕಾಯ್ದೆ ಮಾಡಿದರು. ಅದು ಜಾರಿಗೆ ಬಂದದ್ದು 1930ರ ಜುಲೈ 1ರಂದು. ಇವತ್ತಿಗೂ ನಮ್ಮ ಅಂಗಡಿ, ಫ್ಯಾಕ್ಟರಿ, ಮಂಡಿ ಎಲ್ಲದಕ್ಕೂ ಅದೇ ಕಾಯ್ದೆ.

ಅದರ 26ನೇ ಸೆಕ್ಷನ್ ಹೇಳುತ್ತದೆ: ಬೇರೆ ಮಾತು ಆಗಿಲ್ಲದಿದ್ದರೆ, ಒಡೆತನ ಎಲ್ಲಿದೆಯೋ ರಿಸ್ಕ್ ಅಲ್ಲೇ ಇದೆ. ಮಾಲು ನಿಮ್ಮ ಕೈಗೆ ಬಂದಿರಲಿ, ಬಿಡಲಿ, ಒಡೆತನ ನಿಮಗೆ ಬಂದಿದ್ದರೆ ನಷ್ಟವೂ ನಿಮ್ಮದೇ. ಆದರೆ ಅದರ ಕೆಳಗೆ ಒಂದು ವಿನಾಯಿತಿ ಇದೆ. ಒಬ್ಬರ ತಪ್ಪಿನಿಂದ ಡೆಲಿವರಿ ತಡವಾಗಿ, ಆ ತಡದಿಂದ ನಷ್ಟ ಆದರೆ, ಅದು ತಡ ಮಾಡಿದವನ ತಲೆಗೆ. ಇದನ್ನು ಎಲ್ಲಿ ಕೇಳಿದ್ದೀವಿ? ಈಗಷ್ಟೇ, ಬಸವಕಲ್ಯಾಣದಲ್ಲಿ! ಯಾರೂ ನಮ್ಮಿಂದ ಕದ್ದರು ಅಂತ ನಾನು ಹೇಳ್ತಿಲ್ಲ. ನ್ಯಾಯವಾಗಿ ಯೋಚಿಸುವ ಮನುಷ್ಯ ಕಲ್ಯಾಣದಲ್ಲಿ ಕೂತರೂ ಲಂಡನ್ನಿನಲ್ಲಿ ಕೂತರೂ ಒಂದೇ ಜಾಗಕ್ಕೆ ಬಂದು ತಲುಪುತ್ತಾನೆ ಅಂತ ಹೇಳ್ತಿದ್ದೀನಿ.

ಆದರೆ ನೆಲದ ಮೇಲೆ ಸುಲಭವಾದದ್ದು ನೀರಿನ ಮೇಲೆ ಸುಲಭ ಅಲ್ಲ. ಸಂತೆಯಲ್ಲಿ ಮಾರಿದವನೂ ಕೊಂಡವನೂ ಎದುರುಬದುರು ನಿಂತಿರುತ್ತಾರೆ. ಸಮುದ್ರ ವ್ಯಾಪಾರದಲ್ಲಿ ಇಬ್ಬರ ನಡುವೆ ತಿಂಗಳುಗಟ್ಟಲೆ ನೀರು. ಅಲ್ಲಿ ಮಾಲಿಗಿಂತ ಕಾಗದ ದೊಡ್ಡದಾಯಿತು. ಬಿಲ್ ಆಫ್ ಲೇಡಿಂಗ್ ಅಂತಾರೆ. ಹಡಗಿನವನು ಕೊಡುವ ರಸೀದಿ. ಆ ರಸೀದಿ ಯಾರ ಕೈಯಲ್ಲಿದೆಯೋ ಅವನು ಮಾಲು ಬಿಡಿಸಿಕೊಳ್ಳಬಹುದು. ನಮ್ಮ ದೇಶದಲ್ಲಿ ಅದಕ್ಕೆ 1856ರ ಕಾಯ್ದೆ ಇತ್ತು. ಸಂಸತ್ತು ಅದನ್ನು ತೆಗೆದು ಹೊಸದು ಮಾಡಿದ್ದು 2025ರಲ್ಲಿ!

ಈ ಕಾಗದದ ತಾಕತ್ತು ನೋಡಬೇಕಾ? ಮೊದಲನೇ ಮಹಾಯುದ್ಧಕ್ಕೆ ಬನ್ನಿ. ಅಮೆರಿಕದ ಕಾರ್ನ್ ಪ್ರಾಡಕ್ಟ್ಸ್ ಕಂಪನಿ ಲಂಡನ್ನಿನ ವ್ಯಾಪಾರಿಗೆ ಸ್ಟಾರ್ಚು, ಕಾರ್ನ್ ಸಿರಪ್ಪು ಮಾರಿತ್ತು. ಸಿಐಎಫ್ ವ್ಯವಹಾರ. ಅಂದರೆ ಮಾಲಿನ ಬೆಲೆ, ವಿಮೆ, ಹಡಗಿನ ಬಾಡಿಗೆ ಮೂರೂ ಸೇರಿದ ರೇಟು. 1917ರ ಮಾರ್ಚಿನಲ್ಲಿ ಆ ಮಾಲು ಹೊತ್ತಿದ್ದ ಆಲ್ಗಾಂಕ್ವಿನ್ ಹಡಗು ಮುಳುಗಿತು. ಮಾಲು ಸಮುದ್ರದ ತಳದಲ್ಲಿದೆ. ಮಾರಿದವನು ಎರಡು ದಿನ ಬಿಟ್ಟು ಕಾಗದ ತಂದು ಮೇಜಿನ ಮೇಲಿಟ್ಟ. ತಗೊಳ್ಳಿ ಕಾಗದ, ಕೊಡಿ ದುಡ್ಡು!

ಕೊಂಡವನು ಕೋರ್ಟಿಗೆ ಹೋದ. ನ್ಯಾಯಾಧೀಶರು ಏನಂದರು? ಹಡಗು ಮುಳುಗಿದ್ದು ಮಾರಿದವನಿಗೆ ಗೊತ್ತಿದ್ದರೂ ಪರವಾಗಿಲ್ಲ, ಕಾಗದ ಸರಿ ಇದ್ದರೆ ಕೊಡಬಹುದು, ಕೊಂಡವನು ದುಡ್ಡು ಕಟ್ಟಲೇಬೇಕು. ಯಾಕಂದರೆ ಕೊಂಡವನ ಕೈಗೆ ಕಾಗದದ ಜೊತೆ ವಿಮೆ ಪಾಲಿಸಿಯೂ ಬರುತ್ತದೆ. ಮುಳುಗಿದ ಮಾಲಿನ ದುಡ್ಡು ವಿಮೆಯವನಿಂದ ವಸೂಲಿ ಮಾಡಿಕೊಳ್ಳಲಿ. ಅಷ್ಟಾದರೂ ಕೊನೆಗೆ ಸೋತಿದ್ದು ಮಾರಿದವನೇ. ಯಾಕೆ? ಅವನು ಇಟ್ಟ ಕಾಗದದಲ್ಲಿ ಸರಿಯಾದ ವಿಮೆ ಪಾಲಿಸಿಯೇ ಇರಲಿಲ್ಲ! ಮಾಲು ಇಲ್ಲದೆ ನಡೆಯುತ್ತಂತೆ, ಕಾಗದ ಇಲ್ಲದೆ ನಡೆಯಲ್ಲ.

ಇಲ್ಲಿ ಒಂದು ಗುಟ್ಟು ಗಮನಿಸಿ. ಸಿಐಎಫ್‌ನಲ್ಲಿ ಬಾಡಿಗೆ, ವಿಮೆ ಎಲ್ಲ ಮಾರಿದವನೇ ಕಟ್ಟುತ್ತಾನೆ. ನಮ್ಮ ಊರಿನ ಬಂದರಿನ ತನಕ ಕಟ್ಟುತ್ತಾನೆ. ಆದ್ದರಿಂದ ಮಾಲು ಇಲ್ಲಿಗೆ ಬಂದು ಮುಟ್ಟುವ ತನಕ ರಿಸ್ಕೂ ಅವನದೇ ಅಂತ ಎಷ್ಟೋ ಆಮದುದಾರರು ಇವತ್ತಿಗೂ ನಂಬಿದ್ದಾರೆ. ಅಲ್ಲ! ರಿಸ್ಕು ಆ ಕಡೆಯ ಬಂದರಿನಲ್ಲಿ, ಮಾಲು ಹಡಗು ಹತ್ತಿದಾಗಲೇ ಕೊಂಡವನ ಹೆಗಲಿಗೆ ಬಂದಾಗಿದೆ. ಖರ್ಚಿನ ಗೆರೆ ಒಂದು ಕಡೆ, ರಿಸ್ಕಿನ ಗೆರೆ ಇನ್ನೊಂದು ಕಡೆ. ನಡುವೆ ಇಡೀ ಸಮುದ್ರ.

ಈಗ ಒಂದು ರಾಜಕೀಯ ಪ್ರಶ್ನೆ. ಹಡಗು ಯಾರು ಗೊತ್ತು ಮಾಡಬೇಕು? ಎಫ್‌ಓಬಿ ಆದರೆ ಕೊಂಡವನು. ಸಿಐಎಫ್ ಆದರೆ ಮಾರಿದವನು. ಇದು ಬರೀ ಬಾಡಿಗೆ ಪ್ರಶ್ನೆ ಅಲ್ಲ. ಹಡಗು ಗೊತ್ತು ಮಾಡುವವನು ತನ್ನ ದೇಶದ ಹಡಗಿಗೆ ಕೆಲಸ ಕೊಡುತ್ತಾನೆ. ಬ್ರಿಟಿಷರ ಕಾಲದಲ್ಲಿ ನಮ್ಮ ಹತ್ತಿ, ಸೆಣಬು, ಚಹಾ ಹೋಗುತ್ತಿದ್ದದ್ದೂ ಅವರ ಹಡಗಿನಲ್ಲಿ, ಅವರ ಬಟ್ಟೆ, ಯಂತ್ರ ಬರುತ್ತಿದ್ದದ್ದೂ ಅವರ ಹಡಗಿನಲ್ಲಿ. ಬಾಡಿಗೆ ಎರಡೂ ಕಡೆ ಅವರಿಗೆ.

ಇದನ್ನು ಮುರಿಯಲು ಹೊರಟವರೇ ಸಿಂಧಿಯಾ ಕಂಪನಿಯವರು. ವಾಲ್‌ಚಂದ್ ಹೀರಾಚಂದ್, ನರೋತ್ತಮ್ ಮೊರಾರ್ಜಿ ಸೇರಿ ಕಟ್ಟಿದ ಕಂಪನಿ. ಗ್ವಾಲಿಯರಿನ ಸಿಂಧಿಯಾ ಮಹಾರಾಜರಿಂದ ಲಾಯಲ್ಟಿ ಅನ್ನುವ ಹಡಗು ಕೊಂಡರು. ಅದು 1919ರ ಏಪ್ರಿಲ್ 5ರಂದು ಬಾಂಬೆಯಿಂದ ಲಂಡನ್‌ಗೆ ಹೊರಟಿತು. ಆ ದಿನವನ್ನೇ ನಾವು ಇವತ್ತು ರಾಷ್ಟ್ರೀಯ ಸಾಗರ ದಿನ ಅಂತ ಆಚರಿಸೋದು. ಆದರೆ ಬ್ರಿಟಿಷ್ ಹಡಗು ಕಂಪನಿಗಳು ಸುಮ್ಮನಿದ್ದವಾ? ಪೈಪೋಟಿ ಎಷ್ಟು ಜೋರಾಯಿತು ಅಂದರೆ, 1923ರಲ್ಲಿ ಸಿಂಧಿಯಾದವರು ಒಪ್ಪಂದಕ್ಕೆ ಸಹಿ ಹಾಕಿ, ದೂರದ ಸಮುದ್ರ ಬಿಟ್ಟು ಕರಾವಳಿ ವ್ಯಾಪಾರಕ್ಕೆ ಸೀಮಿತವಾಗಬೇಕಾಯಿತು. ಈ ವಾಲ್‌ಚಂದ್ ಯಾರು ಅಂತ ಬೆಂಗಳೂರಿನವರಿಗೆ ನೆನಪಿರಬೇಕು. 1940ರಲ್ಲಿ ಮೈಸೂರು ಸರ್ಕಾರದ ಜೊತೆ ಸೇರಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರು ಮಾಡಿದ್ದು ಇದೇ ಮನುಷ್ಯ. ಇವತ್ತಿನ ಎಚ್‌ಎಎಲ್.

ಸ್ವಾತಂತ್ರ್ಯ ಬಂದ ಮೇಲೆ ಲೆಕ್ಕ ತಿರುಗಿತು. 1951ರ ಆ ಫೈರ್ ಇಂಜಿನ್‌ಗಳನ್ನು ಎಫ್‌ಓಬಿಯಲ್ಲಿ ಕೊಂಡು, ಭಾರತೀಯ ಹಡಗಿನಲ್ಲಿ ತರಿಸಿದ್ದು ನೆನಪಿಟ್ಟುಕೊಳ್ಳಿ. ಮುಂದೆ ಅದೇ ನೀತಿಯಾಯಿತು. ಸರ್ಕಾರಿ ಇಲಾಖೆಗಳು, ಸರ್ಕಾರಿ ಕಂಪನಿಗಳು ಆಮದು ಮಾಡುವಾಗ ಎಫ್‌ಓಬಿ, ರಫ್ತು ಮಾಡುವಾಗ ಸಿಐಎಫ್ ಅಥವಾ ಅದರ ಹತ್ತಿರದ್ದು. ಎರಡೂ ಕಡೆ ಹಡಗು ಗೊತ್ತು ಮಾಡುವ ಹಕ್ಕು ನಮಗೆ. ದೆಹಲಿಯ ಹಡಗು ಸಚಿವಾಲಯದಲ್ಲಿ ಇದಕ್ಕೆಂದೇ ಟ್ರಾನ್ಸ್‌ಚಾರ್ಟ್ ಅನ್ನುವ ವಿಭಾಗ ಇತ್ತು. ಮೂರು ಅಕ್ಷರದ ಹಿಂದೆ ಒಂದು ದೇಶದ ಸ್ವಾಭಿಮಾನ ಇತ್ತು ಸ್ವಾಮಿ.

ಇನ್ನು ಆ ಮೂರಕ್ಷರಗಳ ಅರ್ಥಕ್ಕೆ ಬರೋಣ. ತೊಂದರೆ ಏನಾಗಿತ್ತು ಅಂದರೆ, ಎಫ್‌ಓಬಿ ಅಂದರೆ ಲಂಡನ್ನಿನಲ್ಲಿ ಒಂದು ಅರ್ಥ, ಅಮೆರಿಕದಲ್ಲಿ ಇನ್ನೊಂದು ಅರ್ಥ. ಅಮೆರಿಕದವರು ರೈಲು ಹತ್ತಿಸಿದರೂ ಎಫ್‌ಓಬಿ ಅನ್ನುತ್ತಿದ್ದರು. ಒಂದೇ ಮಾತು, ಎರಡು ಅರ್ಥ, ಮೂರು ಕೇಸು. ಅಂತಾರಾಷ್ಟ್ರೀಯ ವಾಣಿಜ್ಯ ಮಂಡಳಿ ಹುಟ್ಟಿದ್ದು 1919ರಲ್ಲಿ. ಅವರು ಮೊದಲು 13 ದೇಶಗಳಲ್ಲಿ ಇಂಥ ಆರು ಪದಗಳನ್ನು ವ್ಯಾಪಾರಿಗಳು ಹೇಗೆ ಬಳಸುತ್ತಾರೆ ಅಂತ ವಿಚಾರಿಸಿ, 1923ರಲ್ಲಿ ವರದಿ ಪ್ರಕಟಿಸಿದರು. 1936ರಲ್ಲಿ ಆರು ಪದಗಳಿಗೆ ಅರ್ಥ ಗೊತ್ತು ಮಾಡಿದರು. ಹೆಸರು ಇನ್‌ಕೋಟರ್ಮ್ಸ್. ಇದು ಯಾವ ದೇಶದ ಕಾನೂನೂ ಅಲ್ಲ. ಕರಾರಿನಲ್ಲಿ ಬರೆದುಕೊಂಡರೆ ಮಾತ್ರ ಬಲ. ಈಗ 2020ರ ಆವೃತ್ತಿಯಲ್ಲಿ 11 ಪದಗಳಿವೆ. ಒಂದು ತುದಿಯಲ್ಲಿ, ನನ್ನ ಗೋಡೌನಿಗೆ ಬಂದು ತಗೊಂಡು ಹೋಗು ಅನ್ನುವ ಎಕ್ಸ್ ವರ್ಕ್ಸ್. ಇನ್ನೊಂದು ತುದಿಯಲ್ಲಿ, ಸುಂಕವನ್ನೂ ಕಟ್ಟಿ ನಿನ್ನ ಬಾಗಿಲಿಗೆ ತಂದು ಕೊಡ್ತೀನಿ ಅನ್ನುವ ಡಿಡಿಪಿ. ಖರ್ಚು ಮತ್ತು ರಿಸ್ಕಿನ ಗೆರೆ ಅದರಲ್ಲಿದೆ. ಒಡೆತನದ ಗೆರೆ ಇಲ್ಲ. ಅದನ್ನು ನೀವೇ ಬರೆದುಕೊಳ್ಳಬೇಕು.

ಡೆವ್ಲಿನ್ ಸಾಹೇಬರು ಗೇಲಿ ಮಾಡಿದ ಆ ಕಂಬಿ ಏನಾಯಿತು? ಆ ಪುಸ್ತಕದಿಂದ ಅದನ್ನು ತೆಗೆದದ್ದು 2010ರ ಆವೃತ್ತಿಯಲ್ಲಿ. ಗೇಲಿ ಮಾಡಿ ಅರ್ಧ ಶತಮಾನ ಕಳೆದ ಮೇಲೆ! ಈಗ ಮಾಲು ಹಡಗಿನೊಳಗೆ ಕೂತರೆ ಮಾತ್ರ ರಿಸ್ಕು ದಾಟುತ್ತದೆ.

ಆದರೆ ಅಷ್ಟರಲ್ಲಿ ಜಗತ್ತು ಬದಲಾಗಿತ್ತು. ಕಂಟೇನರ್ ಬಂದಿತ್ತು. ಬೆಂಗಳೂರಿನ ಒಬ್ಬ ಸಣ್ಣ ರಫ್ತುದಾರನನ್ನು ಊಹಿಸಿಕೊಳ್ಳಿ. ಅವನು ಮಾಲನ್ನು ವೈಟ್‌ಫೀಲ್ಡಿನ ಕಂಟೇನರ್ ಡಿಪೋದಲ್ಲಿ ಒಪ್ಪಿಸುತ್ತಾನೆ. ಸೀಲು ಬೀಳುತ್ತದೆ. ಅಲ್ಲಿಂದ ರೈಲಿನಲ್ಲಿ ಚೆನ್ನೈ ಬಂದರಿಗೆ. ಅಲ್ಲಿ ಯಾರ್ಡಿನಲ್ಲಿ ಕಾಯುತ್ತದೆ. ಆಮೇಲೆ ಹಡಗು. ವೈಟ್‌ಫೀಲ್ಡಿನಲ್ಲಿ ಬಿಟ್ಟ ಮೇಲೆ ಆ ಮಾಲನ್ನು ಅವನು ಕಣ್ಣಿನಿಂದ ಕೂಡ ನೋಡಲ್ಲ. ಆದರೆ ಕರಾರಿನಲ್ಲಿ ಎಫ್‌ಓಬಿ ಚೆನ್ನೈ ಅಂತ ಇದ್ದರೆ, ರೈಲಿನಲ್ಲೂ ರಿಸ್ಕು ಅವನದೇ, ಯಾರ್ಡಿನಲ್ಲೂ ಅವನದೇ. ಮಾಲು ಕೈಯಲ್ಲಿಲ್ಲ, ಹೊಣೆ ಮಾತ್ರ ತಲೆ ಮೇಲೆ. ಕಂಟೇನರ್ ಮಾಲಿಗೆ ಎಫ್‌ಓಬಿ ಹೊಂದಲ್ಲ, ಎಫ್‌ಸಿಎ ಬರೆಯಿರಿ ಅಂತ ಇನ್‌ಕೋಟರ್ಮ್ಸ್ ಮಾಡಿದವರೇ ಹೇಳುತ್ತಾರೆ. ಹಾಗೆ ಬರೆದರೆ ವೈಟ್‌ಫೀಲ್ಡಿನಲ್ಲಿ ಸಾಗಣೆದಾರನಿಗೆ ಒಪ್ಪಿಸಿದ ಕೂಡಲೇ ರಿಸ್ಕು ದಾಟುತ್ತದೆ. ಆದರೂ ನಮ್ಮವರು ಎಫ್‌ಓಬಿ ಬಿಡಲ್ಲ. ಯಾಕೆ? ಅಪ್ಪ ಹಾಗೇ ಬರೀತಿದ್ದರು, ಬ್ಯಾಂಕಿನವರು ಹಡಗು ಹತ್ತಿದ ರಸೀದಿ ಕೇಳ್ತಾರೆ, ವಿದೇಶದ ಪಾರ್ಟಿ ಒಪ್ಪಲ್ಲ. ಬ್ಯಾಂಕಿನ ತಕರಾರಿಗೆ 2020ರ ಆವೃತ್ತಿಯಲ್ಲಿ ದಾರಿ ಮಾಡಿದ್ದಾರೆ. ಎಫ್‌ಸಿಎ ಇದ್ದರೂ ಹಡಗು ಹತ್ತಿದ ರಸೀದಿಯನ್ನು ಮಾರಿದವನಿಗೆ ಕೊಡಿಸಲು ಇಬ್ಬರೂ ಒಪ್ಪಿಕೊಳ್ಳಬಹುದು. ಆದರೆ ಅದನ್ನು ಕೇಳಿ ಬರೆಸಿಕೊಳ್ಳಬೇಕಲ್ಲ?

ಎವರ್ ಗಿವನ್ ಹಡಗು ನಿಮಗೆ ನೆನಪಿದೆ. 2021ರ ಮಾರ್ಚ್ 23ಕ್ಕೆ ಸೂಯೆಜ್ ಕಾಲುವೆಯಲ್ಲಿ ಅಡ್ಡ ಸಿಕ್ಕಿಹಾಕಿಕೊಂಡಿತು. ಅದರ ಸಿಬ್ಬಂದಿ 25 ಜನವೂ ಭಾರತೀಯರು. 29ಕ್ಕೆ ಹಡಗು ತೇಲಿತು, ಟಿವಿ ಪರದೆಯಿಂದ ಸುದ್ದಿಯೂ ತೇಲಿ ಹೋಯಿತು. ನಿಜವಾದ ಕಥೆ ಶುರುವಾಗಿದ್ದು ಆಮೇಲೆ. ಹಡಗಿನ ಮಾಲೀಕರು ಜನರಲ್ ಆವರೇಜ್ ಘೋಷಿಸಿದರು. ಏನು ಹಾಗಂದರೆ? ಹಡಗು ಮತ್ತು ಮಾಲು ಎಲ್ಲವನ್ನೂ ಉಳಿಸಲು ಆದ ಖರ್ಚನ್ನು, ಆ ಹಡಗಿನಲ್ಲಿ ಮಾಲು ಇಟ್ಟವರೆಲ್ಲ ಹಂಚಿಕೊಳ್ಳಬೇಕು. ಪ್ರಾಚೀನ ರೋಡ್ಸ್ ದ್ವೀಪದ ಕಡಲ ಕಾನೂನಿನಿಂದ ಬಂದ ಪದ್ಧತಿ ಇದು. ಹಡಗಿನಲ್ಲಿ ಸುಮಾರು 18,300 ಕಂಟೇನರ್ ಇದ್ದವು. ಈಜಿಪ್ಟ್ ಹಡಗನ್ನು ಬಿಟ್ಟಿದ್ದು ಜುಲೈ 7ಕ್ಕೆ. ಅಷ್ಟು ದಿನ ಮಾಲು ಅಲ್ಲೇ. ಬಿಡಿಸಿಕೊಳ್ಳಬೇಕಾದರೆ ಮೊದಲು ಗ್ಯಾರಂಟಿ ಕೊಡಬೇಕು. ವಿಮೆ ಇದ್ದವರ ಪರವಾಗಿ ವಿಮೆ ಕಂಪನಿ ಕೊಡುತ್ತದೆ. ಇಲ್ಲದವರು ಕೈಯಿಂದ ಠೇವಣಿ ಇಡಬೇಕು. ಯಾರು ಇಡಬೇಕು, ಮಾರಿದವನಾ ಕೊಂಡವನಾ? ಮತ್ತೆ ಅದೇ ಮೂರಕ್ಷರ.

ಇದೆಲ್ಲ ದೊಡ್ಡ ವ್ಯಾಪಾರ ಸಾರ್, ನಮಗೇನು ಅನ್ನಬೇಡಿ. ನಿಮ್ಮೂರಿನ ಲಾರಿ ಆಫೀಸಿಗೆ ಹೋಗಿ. ಅಲ್ಲಿ ಕೊಡುವ ಎಲ್‌ಆರ್ ಮೇಲೆ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಏನು ಅಚ್ಚಾಗಿದೆ ಓದಿ. ಎಷ್ಟೋ ಕಡೆ ಇರೋದು ಎರಡು ಪದ: ಓನರ್ಸ್ ರಿಸ್ಕ್. ಕೊಟೇಶನ್ನಿನಲ್ಲಿ ಎಫ್‌ಓಆರ್ ಹುಬ್ಬಳ್ಳಿ ಅಂತ ಬರೀತಾರೆ. ಫ್ರೀ ಆನ್ ರೈಲ್, ರೈಲಿನ ಕಾಲದಿಂದ ಉಳಿದ ಮಾತು. ಈಗ ಮಾಲು ಬರೋದು ಲಾರಿಯಲ್ಲಿ, ಮಾತು ಮಾತ್ರ ರೈಲಿನದೇ. ಎಫ್‌ಓಆರ್ ಹುಬ್ಬಳ್ಳಿ ಅಂದರೆ ಹುಬ್ಬಳ್ಳಿಯಿಂದ ಕಳಿಸುತ್ತಾನಾ, ಹುಬ್ಬಳ್ಳಿಗೆ ಮುಟ್ಟಿಸುತ್ತಾನಾ? ಇಳಿಸುವ ಹಮಾಲಿ ಯಾರದು? ಬಾಡಿಗೆ ಪೇಯ್ಡಾ, ಟು ಪೇನಾ? ಕೇಳದಿದ್ದರೆ ಕಾಯ್ದೆಯ 39ನೇ ಸೆಕ್ಷನ್ ಉತ್ತರ ಕೊಡುತ್ತದೆ. ಕರಾರಿನ ಪ್ರಕಾರ ಮಾಲು ಕಳಿಸಬೇಕಾದವನು ಅದನ್ನು ಸಾಗಣೆದಾರನ ಕೈಗೆ ಕೊಟ್ಟರೆ, ಮೇಲ್ನೋಟಕ್ಕೆ ಅದು ಕೊಂಡವನ ಕೈಗೆ ಕೊಟ್ಟ ಹಾಗೇ! ಅಂದರೆ ಲಾರಿ ಹೊರಟ ಗಳಿಗೆಯಿಂದ ಮಾಲು ನಿಮ್ಮದು. ಮಳೆಗೆ ನೆನೆದರೂ ನಿಮ್ಮದು.

ಆನ್‌ಲೈನಿನಲ್ಲಿ ಕೊಳ್ಳುವ ಸಾಮಾನ್ಯ ಗ್ರಾಹಕರಿಗೆ ಮಾತ್ರ ಕಾನೂನು ಸ್ವಲ್ಪ ಕರುಣೆ ತೋರಿಸಿದೆ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಮಾಲು ದೋಷಪೂರಿತವಾಗಿದ್ದರೆ, ಜಾಹೀರಾತಿನಲ್ಲಿ ಹೇಳಿದಂತೆ ಇಲ್ಲದಿದ್ದರೆ, ಹೇಳಿದ ದಿನಕ್ಕಿಂತ ತಡವಾಗಿ ಬಂದರೆ, ಮಾರಿದವನು ವಾಪಸ್ ತಗೊಳ್ಳಲ್ಲ ಅನ್ನುವಂತಿಲ್ಲ. ಯಾರ ಕೈಯಲ್ಲೂ ಇಲ್ಲದ ಆಪತ್ತಿನಿಂದ ತಡವಾಗಿದ್ದರೆ ಮಾತು ಬೇರೆ. ಕೌಟಿಲ್ಯ ಹೇಳಿದ್ದ ಆಪತ್ತಿನ ವಿನಾಯಿತಿಯೇ ಇಲ್ಲೂ ಬಂತು ನೋಡಿ. ಆದರೆ ಈ ರಕ್ಷಣೆ ಗ್ರಾಹಕನಿಗೆ. ಮಾರೋದಕ್ಕೆ ಅಂತ ಮಾಲು ತರಿಸುವ ಸಣ್ಣ ಅಂಗಡಿಯವನಿಗೆ, ರಫ್ತು ಮಾಡುವ ಸಣ್ಣ ಕಾರ್ಖಾನೆಯವನಿಗೆ ಇಲ್ಲ. ಅವನಿಗೆ ಅವನು ಬರೆದುಕೊಂಡ ಕಾಗದವೇ ಕಾನೂನು.

ನನ್ನ ಮಾತು ಇಷ್ಟೇ. ಗೆರೆ ಎಲ್ಲಿದ್ದರೂ ಪರವಾಗಿಲ್ಲ, ಎಲ್ಲಿದೆ ಅಂತ ಇಬ್ಬರಿಗೂ ಗೊತ್ತಿರಬೇಕು. ದೊಡ್ಡ ಕಂಪನಿಗಳಿಗೆ ಅದನ್ನು ನೋಡಿಕೊಳ್ಳಲು ವಕೀಲರಿದ್ದಾರೆ. ಅವರು ಬರೆದು ಕಳಿಸಿದ್ದಕ್ಕೆ ಸಣ್ಣವನು ಸಹಿ ಹಾಕುತ್ತಾನೆ. ರೇಟು ನೋಡಿ ಹಾಕುತ್ತಾನೆ, ಮೂರಕ್ಷರ ನೋಡಲ್ಲ. ಮಾಲು ಮುಳುಗಿದ ಮೇಲೆ ಆ ಅಕ್ಷರಗಳು ಕಾಣಿಸುತ್ತವೆ. ಮುಂದಿನ ಸಲ ಯಾರಿಗಾದರೂ ಆರ್ಡರ್ ಕೊಡುವ ಮುಂಚೆ, ಯಾರಿಂದಲಾದರೂ ಆರ್ಡರ್ ತಗೊಳ್ಳುವ ಮುಂಚೆ ಮೂರು ಪ್ರಶ್ನೆ ಕೇಳಿ. ಬಾಡಿಗೆ ಎಲ್ಲಿಯ ತನಕ ಯಾರದು? ದಾರಿಯಲ್ಲಿ ಹಾಳಾದರೆ ಯಾರದು? ಮಾಲು ನನ್ನದಾಗೋದು ಯಾವಾಗ? ಉತ್ತರವನ್ನು ಬಾಯಲ್ಲಿ ತಗೋಬೇಡಿ, ಬರೆಸಿಕೊಳ್ಳಿ. ಎದುರಿನವನು ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ. ಮಾಲು ಹೋದ ಮೇಲೆ ಆಗುವ ಬೇಜಾರಿಗಿಂತ ಇದು ಅಗ್ಗ.